ಚಿಹ್ನೆ ಬದಲಾದ ಪುಟ

ತರಗತಿಗೆ ಹೋದ ಕೂಡಲೇ ಹಲಗೆಯ ಎಡ ಮೂಲೆಯಲ್ಲಿ ಒಂದು ಪ್ಲಸ್ಸು, ಮೂರು ಮೈನಸ್ಸು ಬರೆದು ಅವಕ್ಕೆ ಚೌಕ ಹಾಕುತ್ತೇನೆ. ಹಾಜರಿ ಕೂಗುವುದು ಆಮೇಲೆ. ಪಾಠ ಮುಗಿಯುವ ತನಕ ಆ ಚೌಕವನ್ನು ಯಾರೂ ಒರೆಸಬಾರದು. ಒಮ್ಮೆ ಜಾಗ ಸಾಲದೆಂದು ಒರೆಸಿದ ಹುಡುಗಿಯನ್ನು ಒಂದು ವಾರ ಮಾತಾಡಿಸಲಿಲ್ಲ. ನನಗೆ ಮೂಗಿನ ತುದಿಯಲ್ಲೇ ಕೋಪ ಎಂದು ಇಡೀ ಕಾಲೇಜಿಗೆ ಗೊತ್ತು. ಬೆನ್ನ ಹಿಂದೆ ನನ್ನನ್ನು ‘ಪ್ಲಸ್ ಮೈನಸ್ ಮೇಡಂ’ ಎನ್ನುತ್ತಾರೆ ಎಂದು ನನಗೂ ಗೊತ್ತು. ಅನ್ನಲಿ. ಅವರಿಗೆ ಅದು ನಾಲ್ಕು ಗುರುತು, ನನಗೆ ಎಂಟು ವರ್ಷ.

ವಿಷಯ ಇಷ್ಟೇ. ಸಾಪೇಕ್ಷತೆಯ ಲೆಕ್ಕದಲ್ಲಿ ಕಾಲಕ್ಕೆ ಒಂದು ಚಿಹ್ನೆ, ಉದ್ದ ಅಗಲ ಎತ್ತರಗಳಿಗೆ ಅದರ ವಿರುದ್ಧ ಚಿಹ್ನೆ. ಕೆಲವರು ಕಾಲಕ್ಕೆ ಪ್ಲಸ್ಸು ಕೊಟ್ಟು ಉಳಿದ ಮೂರಕ್ಕೆ ಮೈನಸ್ಸು ಕೊಡುತ್ತಾರೆ, ಕೆಲವರು ತಿರುಗಾಮುರುಗಾ. ಎರಡೂ ಸರಿ. ಕೆಲವು ದೇಶಗಳಲ್ಲಿ ಗಾಡಿಯನ್ನು ರಸ್ತೆಯ ಎಡಕ್ಕೆ ಓಡಿಸುತ್ತಾರೆ, ಕೆಲವು ಕಡೆ ಬಲಕ್ಕೆ. ಅದರಿಂದ ಯಾರಿಗೂ ತೊಂದರೆಯಿಲ್ಲ. ಅರ್ಧ ದಾರಿ ಎಡಕ್ಕೆ ಓಡಿಸಿ, ಹೇಳದೆ ಕೇಳದೆ ಬಲಕ್ಕೆ ಹೋದರೆ ಮಾತ್ರ ತೊಂದರೆ. ನಾನು ಎಂಟು ವರ್ಷ ಗಾಡಿ ಓಡಿಸಿದ್ದು ಹಾಗೆ.

ನಮ್ಮ ಮನೆ ಕೆಸರೆಯಲ್ಲಿ. ಅಪ್ಪ ತೀರಿಕೊಂಡ ಮೇಲೆ ಅವ್ವ ಊದುಬತ್ತಿ ಹೊಸೆದು ನನ್ನನ್ನು ಓದಿಸಿದಳು. ಈಗ ಬತ್ತಿಯನ್ನೆಲ್ಲ ಯಂತ್ರ ಹೊಸೆಯುತ್ತದೆ. ಆದರೂ ಕೈಯಲ್ಲಿ ಹೊಸೆದದ್ದೇ ಬೇಕು ಎನ್ನುವ ಒಂದಿಬ್ಬರು ವ್ಯಾಪಾರಿಗಳಿದ್ದಾರೆ; ಅವರಿಗಾಗಿ ಅವ್ವ ಈಗಲೂ ಬೆಳಿಗ್ಗೆ ಮಣೆ ಮುಂದಿಟ್ಟುಕೊಂಡು ಕೂರುತ್ತಾಳೆ. ಬೇಡವೆಂದರೆ ಕೇಳುವುದಿಲ್ಲ. ಕೈ ಸುಮ್ಮನಿದ್ದರೆ ಬಾಯಿ ಜಾಸ್ತಿಯಾಗುತ್ತದೆ ಎಂದು ಅವಳೇ ಹೇಳುತ್ತಾಳೆ, ಅದು ನಿಜವೂ ಹೌದು.

ನಾನು ಏನು ಓದುತ್ತಿದ್ದೇನೆ ಎಂದು ಅವಳು ಕೇಳಿದಾಗಲೆಲ್ಲ ‘ಫಿಜಿಕ್ಸು’ ಎಂದು ಹೇಳಿ ಬಾಯಿ ಮುಚ್ಚಿಸುತ್ತಿದ್ದೆ. ಒಂದು ದಿನ ನಾಚಿಕೆಯಾಯಿತು. ಅವಳ ಬೆರಳಿನ ಕೆಲಸದಿಂದ ಓದಿದವಳು ಅವಳಿಗೆ ಒಂದು ಮಾತು ಬಿಡಿಸಿ ಹೇಳಲಾರೆನೆ ಎನ್ನಿಸಿತು. ಒಣಗಲು ಹರಡಿದ್ದ ಒಂದು ಬತ್ತಿ ತೆಗೆದುಕೊಂಡು ಬಾಗಿಲ ಹತ್ತಿರ ಹೋಗಿ ನಿಂತೆ.

“ಇಲ್ಲಿಂದ ಇದು ಹೇಗೆ ಕಾಣುತ್ತೆ ಅವ್ವ?”

“ಗೆರೆ ಇದ್ದಂಗದೆ.”

“ಆದರೆ ಇದಕ್ಕೊಂದು ಸುತ್ತಳತೆ ಇದೆ ಅಂತ ನಿನ್ನ ಹೆಬ್ಬೆರಳಿಗೆ ಗೊತ್ತು, ಅಲ್ವಾ? ಹಾಗೇ ಈ ಪ್ರಪಂಚದಲ್ಲೂ ಉದ್ದ, ಅಗಲ, ಎತ್ತರ ಬಿಟ್ಟು ಇನ್ನೂ ಕೆಲವು ದಿಕ್ಕು ಇರಬಹುದು. ತೀರಾ ಸಣ್ಣದಾಗಿ ಸುತ್ತಿಕೊಂಡು ಕೂತಿವೆ. ಅಷ್ಟು ಸಣ್ಣದನ್ನ ಮುಟ್ಟಿ ನೋಡೋ ಹೆಬ್ಬೆರಳು ಯಾರ ಹತ್ರನೂ ಇಲ್ಲ.”

ಉಳಿದದ್ದನ್ನೂ ಹೇಳಿದೆ. ಒಂದು ಕಣ ಆ ಸಣ್ಣ ಸುತ್ತಿನಲ್ಲಿ ಓಡಾಡಿದರೆ ನಮ್ಮ ಕಣ್ಣಿಗೆ ಅದು ವಿದ್ಯುತ್ತಿನ ಗುಣವಾಗಿ ಕಾಣುತ್ತದೆ. ಸುತ್ತಿಕೊಂಡ ಭಾಗದ ಆಕಾರ ಎಂಥದ್ದೋ, ಲೋಕದಲ್ಲಿ ಬಲಗಳೂ ಅಂಥವೇ. ವಸ್ತುವನ್ನು ಕೆಳಕ್ಕೆ ಬೀಳಿಸುವ ಬಲವೂ ಬಲ್ಬು ಉರಿಸುವ ಬಲವೂ ಕೊನೆಗೆ ಒಂದೇ ರೇಖಾಗಣಿತದ ಎರಡು ಮುಖ. ವಿಶ್ವ ಹುಟ್ಟಿದ ಹೊಸತರಲ್ಲಿ, ಅದು ಹಿಡಿ ಬೆಂಕಿಯಷ್ಟಿದ್ದಾಗ, ಎಲ್ಲ ದಿಕ್ಕುಗಳೂ ಒಂದೇ ಅಳತೆಯವು. ಆಮೇಲೆ ಮೂರು ದಿಕ್ಕು ಹಿಗ್ಗಿ ಹಿಗ್ಗಿ ಆಕಾಶವಾದವು. ಉಳಿದವು ಹಿಗ್ಗದೆ ಹಾಗೇ ಕೂತವು.

ಅವ್ವ ಕೈ ನಿಲ್ಲಿಸಲಿಲ್ಲ. ಒಂದು ಕಡ್ಡಿ ಹೊಸೆದಿಟ್ಟು ಕೇಳಿದಳು: “ಅವು ಯಾಕೆ ಬಿಚ್ಕಳಲಿಲ್ಲ? ಜಿಗಟು ಹಾಕ್ದೆ ಇದ್ರೆ ಮಸಾಲೆ ಕಡ್ಡಿ ಮ್ಯಾಲೆ ಒಂದ್ ಗಳಿಗೆನೂ ನಿಲ್ಲಕಿಲ್ಲ, ಉದುರೋಯ್ತದೆ. ನಿಂದ್ರಲ್ಲಿ ಜಿಗಟು ಯಾವ್ದು?”

ಜಿಗಟು ಎಂದರೆ ಮರದ ತೊಗಟೆಯ ಅಂಟುಪುಡಿ. ನಾನು ನಕ್ಕೆ, ಆದರೆ ಪ್ರಶ್ನೆ ಅದೇ. ನನ್ನ ಪಿಎಚ್‌.ಡಿ. ನಿಂತಿದ್ದೇ ಆ ಪ್ರಶ್ನೆಯ ಮೇಲೆ. ಸುತ್ತಿಕೊಂಡ ದಿಕ್ಕುಗಳು ಬಿಚ್ಚಿಕೊಂಡರೆ ಬಲಗಳ ಅಳತೆಯೆಲ್ಲ ಏರುಪೇರಾಗುತ್ತದೆ, ಅಣುಗಳು ನಿಲ್ಲುವುದಿಲ್ಲ, ಅವ್ವನೂ ಇಲ್ಲ ಮಣೆಯೂ ಇಲ್ಲ. ಹೊರಗಿನಿಂದ ಏನನ್ನೂ ತಂದು ಅಂಟಿಸದೆ, ಆ ಭಾಗದ ಬಾಗೇ ಅದನ್ನು ಸಣ್ಣದಾಗಿ ಹಿಡಿದಿಡುತ್ತದೆಯೇ ಎನ್ನುವುದು ನನ್ನ ಲೆಕ್ಕ. ಚೆಂಡಿನ ಹಾಗೆ ಬಾಗಿದ ಆಕಾರಗಳನ್ನು ಬೇರೆಯವರು ಮಾಡಿ ಮುಗಿಸಿದ್ದರು. ನಾನು ಹಿಡಿದದ್ದು ಕುದುರೆ ಜೀನಿನ ಹಾಗೆ ಒಂದು ಕಡೆಗೆ ಮೇಲೂ ಇನ್ನೊಂದು ಕಡೆಗೆ ಕೆಳಗೂ ಬಾಗಿದ ಆಕಾರವನ್ನು.

ನನ್ನ ಮಾರ್ಗದರ್ಶಕರನ್ನು ನಾನು ಮೇಷ್ಟ್ರು ಎನ್ನುತ್ತೇನೆ. ನಿವೃತ್ತರಾಗಿ ಒಂಟಿಕೊಪ್ಪಲಿನ ಮನೆಯಲ್ಲಿ ಒಬ್ಬರೇ ಇದ್ದರು. ಜಗಲಿಯಲ್ಲಿ ಒಂದು ಕಪ್ಪು ಹಲಗೆ, ಎರಡು ಬೆತ್ತದ ಕುರ್ಚಿ. ಭಾನುವಾರ ಬೆಳಿಗ್ಗೆ ನಾನು ಅಲ್ಲಿಗೆ ಹೋಗಬೇಕು. ಅವರದು ಒಂದು ಪದ್ಧತಿ: ವಾರವಿಡೀ ಒಂದೇ ಲೆಕ್ಕವನ್ನು ಅವರು ಅವರ ಪಾಡಿಗೆ, ನಾನು ನನ್ನ ಪಾಡಿಗೆ ಮಾಡಬೇಕು. ನಡುವೆ ಮಾತಾಡುವ ಹಾಗಿಲ್ಲ. ಭಾನುವಾರ ಇಬ್ಬರೂ ಕೊನೆಯ ಸಾಲನ್ನು ಮಾತ್ರ ಒಂದೊಂದು ಚೀಟಿಯಲ್ಲಿ ಬರೆದು ಮಡಿಚಿ ಅದಲು ಬದಲು ಮಾಡಿಕೊಳ್ಳಬೇಕು. ತಾಳೆಯಾದರೆ ಅವರೇ ಒಳಗೆ ಹೋಗಿ ಕಾಫಿ ಮಾಡಿ ತರುತ್ತಿದ್ದರು. ಆಗದಿದ್ದರೆ ತಪ್ಪು ಸಿಕ್ಕುವ ತನಕ ಕಾಫಿಯಿಲ್ಲ. ಮಧ್ಯಾಹ್ನ ಒಂದೂವರೆಯ ತನಕ ಬರಿ ಹೊಟ್ಟೆಯಲ್ಲಿ ಕೂತ ದಿನಗಳಿವೆ. ತಪ್ಪು ಹೆಚ್ಚು ಸಲ ನನ್ನದೇ, ಅದನ್ನು ಒಪ್ಪಿಕೊಳ್ಳಲು ತಡಮಾಡುತ್ತಿದ್ದವಳೂ ನಾನೇ.

ಲೆಕ್ಕ ಶುರು ಮಾಡಲು ಬೇಕಾದ ಮೂಲ ಸೂತ್ರಗಳೆಲ್ಲ ಒಂದು ನೋಟುಬುಕ್ಕಿನಲ್ಲಿದ್ದವು. ಮೇಷ್ಟ್ರ ಗುರುಗಳು ಕೈಯಾರೆ ಬರೆದದ್ದು, ದಪ್ಪ ರಟ್ಟು, ಮುತ್ತಿನಂಥ ಅಕ್ಷರ. ಅದರಲ್ಲಿ ಯಾರೂ ಏನೂ ಬರೆಯಬಾರದು, ಪೆನ್ಸಿಲಿನ ಗುರುತು ಕೂಡ ಹಾಕಬಾರದು. ಮೇಷ್ಟ್ರು ಪುಟ ತಿರುವುವಾಗ ಬೆರಳಿಗೆ ಎಂಜಲು ಮುಟ್ಟಿಸುತ್ತಿರಲಿಲ್ಲ. ದೇವರನ್ನು ನಂಬದ ಮನುಷ್ಯ, ಆಯುಧಪೂಜೆಯ ದಿನ ಅದಕ್ಕೊಂದು ಹೂ ಇಡುತ್ತಿದ್ದರು. ನನಗೂ ಅದರ ಒಂದು ಜೆರಾಕ್ಸ್ ಪ್ರತಿ ಕೊಟ್ಟಿದ್ದರು.

ಐದನೇ ವರ್ಷ ನನ್ನ ಲೆಕ್ಕದಲ್ಲಿ ಕಣಿವೆ ಕಾಣಿಸಿತು. ಸುತ್ತಿದ ಭಾಗದ ಅಳತೆಯನ್ನು ಅಡ್ಡಗೆರೆಯಲ್ಲಿ, ಶಕ್ತಿಯನ್ನು ಉದ್ದಗೆರೆಯಲ್ಲಿ ಹಾಕಿ ನಕ್ಷೆ ಬರೆದರೆ ಗೆರೆ ಕೆಳಗಿಳಿದು ಮತ್ತೆ ಮೇಲೇರುತ್ತಿತ್ತು. ನಡುವಿನ ತಗ್ಗಿಗೆ ಬಿದ್ದದ್ದು ಅಲ್ಲೇ ನಿಲ್ಲುತ್ತದೆ. ದೊಡ್ಡದೂ ಆಗುವುದಿಲ್ಲ, ಕುಸಿದೂ ಹೋಗುವುದಿಲ್ಲ. ಆ ಭಾನುವಾರ ಚೀಟಿ ಬಿಚ್ಚಿದಾಗ ಮೇಷ್ಟ್ರ ಕೊನೆಯ ಸಾಲೂ ಅದೇ. ಅವರು ಒಳಗೆ ಹೋಗಿ ಎರಡು ಲೋಟ ಕಾಫಿ ತಂದರು. ಸಂಜೆ ಮನೆಗೆ ಹೋಗಿ, “ಜಿಗಟು ಸಿಕ್ತು ಕಣವ್ವ” ಎಂದೆ. ಅವ್ವ ಪಕ್ಕದ ಮನೆಗೆಲ್ಲ ಹೇಳಿಕೊಂಡು ಬಂದಳು. ಏನು ಹೇಳಿದಳೋ ಗೊತ್ತಿಲ್ಲ, ಮಾರನೆಯ ದಿನ ಪಕ್ಕದ ಮನೆಯವರು ಅಂಟಿನ ಕಾರ್ಖಾನೆ ಯಾವಾಗ ಹಾಕುತ್ತೀ ಎಂದು ಕೇಳಿದರು.

ಪ್ರಬಂಧ ಬರೆದು ಮುಗಿಸಲು ಮತ್ತೆ ಮೂರು ವರ್ಷ ಬೇಕಾಯಿತು, ಏಕೆಂದರೆ ಡಿಗ್ರಿ ಕಾಲೇಜೊಂದರಲ್ಲಿ ಅತಿಥಿ ಉಪನ್ಯಾಸಕಿಯಾಗಿ ದಿನಕ್ಕೆ ನಾಲ್ಕು ಪಾಠ ಮಾಡುತ್ತಿದ್ದೆ. ಕೊನೆಗೂ ಕೊಟ್ಟೆ. ಹೊರಗಿನ ಇಬ್ಬರು ಪರೀಕ್ಷಕರೂ ಚೆನ್ನಾಗಿದೆ ಎಂದು ಬರೆದು ಕಳಿಸಿದರು; ಒಬ್ಬರಂತೂ ಕಣಿವೆಯ ಅಧ್ಯಾಯವನ್ನೇ ಹೊಗಳಿದ್ದರು. ವೈವಾ ಎಂಬ ಮೌಖಿಕ ಪರೀಕ್ಷೆಗೆ ದಿನ ಗೊತ್ತಾಯಿತು. ಅವ್ವ ಅವತ್ತು ಉಡಲು ಹಸಿರು ರೇಷ್ಮೆ ಸೀರೆ ತೆಗೆದು ಬಿಸಿಲಿಗೆ ಹಾಕಿದಳು.

ವೈವಾಕ್ಕೆ ಹದಿನೈದು ದಿನ ಇರುವಾಗ ನನಗೆ ಪರೀಕ್ಷಾ ಕೊಠಡಿಯ ಮೇಲ್ವಿಚಾರಣೆಯ ಕೆಲಸ ಬಿತ್ತು. ಮಧ್ಯಾಹ್ನ ಮೂರು ಗಂಟೆ ಕಾಲ ಸುಮ್ಮನೆ ಓಡಾಡುವ ಕೆಲಸ. ಪುಸ್ತಕ ಓದುವ ಹಾಗಿಲ್ಲ, ಮೊಬೈಲು ಹೊರಗಿಡಬೇಕು. ಬೇಸರಕ್ಕೆ, ಕೂರುವ ವ್ಯವಸ್ಥೆಯ ಹಾಳೆಯ ಹಿಂಬದಿಯಲ್ಲಿ ಒಂದು ಸಣ್ಣ ಲೆಕ್ಕ ಹಾಕಿದೆ. ನನ್ನ ದೊಡ್ಡ ಸೂತ್ರಕ್ಕೆ ನನ್ನ ಆಕಾರದ ಬದಲು ಮಾಮೂಲಿ ಚೆಂಡನ್ನು ಕೊಟ್ಟರೆ ಎಲ್ಲರಿಗೂ ಗೊತ್ತಿರುವ ಉತ್ತರ ಬರಬೇಕು. ವೈವಾದಲ್ಲಿ ಯಾರಾದರೂ ಕೇಳಿದರೆ ಹೇಳಲು ಇರಲಿ ಎಂದು ಮಾಡಿದ್ದು.

ಉತ್ತರ ತಲೆಕೆಳಗಾಗಿ ಬಂತು. ಚೆಂಡಿನ ಬಾಗು ಜೀನಿನ ಬಾಗಿನ ಹಾಗೆ ವರ್ತಿಸುತ್ತಿತ್ತು.

ಮತ್ತೆ ಮಾಡಿದೆ. ಮತ್ತೆ ಹಾಗೇ. “ಅಡಿಷನಲ್ ಶೀಟ್, ಮೇಡಂ” ಎಂದು ಯಾರೋ ಎರಡು ಸಲ ಕೇಳಿದ್ದು ಮೂರನೇ ಸಲಕ್ಕೆ ಕಿವಿಗೆ ಬಿತ್ತು. ಹಾಳೆ ಕೊಟ್ಟು ಮತ್ತೆ ಲೆಕ್ಕಕ್ಕೆ ಬಂದೆ. ಚೆಂಡು ಜೀನಾಗಿ ಕಂಡರೆ ನನ್ನ ಜೀನು ಚೆಂಡಾಗಿ ಕಂಡಿರಬೇಕು. ಹಾಗಿದ್ದರೆ ಕಣಿವೆ ಬಂದಿದ್ದು ಚೆಂಡಿನ ಕೃಪೆಯಿಂದ. ಚಿಹ್ನೆ ಸರಿಪಡಿಸಿದರೆ ಕಣಿವೆಯಿಲ್ಲ, ಬರೀ ಇಳಿಜಾರು. ಸುತ್ತಿಕೊಂಡ ದಿಕ್ಕುಗಳು ಸರ್ರನೆ ಬಿಚ್ಚಿಕೊಂಡು ಹೋಗುತ್ತವೆ. ಇಬ್ಬರು ಬೇರೆ ಬೇರೆ ಕೂತು ಮಾಡಿ ತಾಳೆ ನೋಡಿದ ಲೆಕ್ಕ ತಪ್ಪಾದದ್ದು ಹೇಗೆ ಎಂಬುದು ಮಾತ್ರ ಹೊಳೆಯಲಿಲ್ಲ. ಗಂಟೆ ಹೊಡೆದ ಮೇಲೆ ಉತ್ತರಪತ್ರಿಕೆಗಳನ್ನು ಕಟ್ಟಿ ಕೊಟ್ಟು, ಸ್ಕೂಟರು ಹತ್ತಿ ನೇರ ಒಂಟಿಕೊಪ್ಪಲಿಗೆ ಹೋದೆ.

ಮೇಷ್ಟ್ರು ನನ್ನ ಹಾಳೆಯನ್ನು ಒಮ್ಮೆ ನೋಡಿದರು. ಒಳಗಿನಿಂದ ನೋಟುಬುಕ್ಕು ತಂದು ಪುಟ ತಿರುವಿದರು. ಒಂದು ಪುಟದಲ್ಲಿ ನಿಂತರು, ಹಿಂದಿನ ಪುಟಗಳಿಗೆ ಹೋದರು, ಮತ್ತೆ ಅಲ್ಲಿಗೇ ಬಂದರು. ಆ ಪುಟದ ಮೇಲೆ ಬೆರಳಿಟ್ಟರು.

“ಇಲ್ಲಿ ತನಕ ಬರೆದು ಗುರುಗಳು ಹೊರದೇಶಕ್ಕೆ ಹೋದರು,” ಎಂದರು. “ಎರಡು ವರ್ಷ ಇದ್ದು ಬಂದು ಇಲ್ಲಿಂದ ಮುಂದುವರಿಸಿದ್ದಾರೆ. ಅಲ್ಲಿಯವರ ಚಿಹ್ನೆ ಬೇರೆ.”

ಅಷ್ಟೇ. ಮೊದಲರ್ಧದಲ್ಲಿ ಒಂದು ಪದ್ಧತಿ, ಎರಡನೆಯ ಅರ್ಧದಲ್ಲಿ ಇನ್ನೊಂದು. ಗುರುಗಳು ತಮಗೆ ಗೊತ್ತಿದ್ದದ್ದನ್ನು ಬರೆದಿಡಲಿಲ್ಲ. ಮೇಷ್ಟ್ರ ಜೀವಮಾನದ ಕೆಲಸವೆಲ್ಲ ಮೊದಲರ್ಧದಲ್ಲೇ ಆಗಿಹೋಗಿತ್ತು. ಎರಡನೆಯ ಅರ್ಧ ಬೇಕಾದದ್ದು ನನ್ನ ಲೆಕ್ಕಕ್ಕೇ ಮೊದಲು. ನಾವಿಬ್ಬರೂ ಬೇರೆ ಬೇರೆ ಕೂತು, ಒಬ್ಬರಿಗೊಬ್ಬರು ಹೇಳಿಕೊಡದೆ, ಎಷ್ಟೋ ಭಾನುವಾರ ತಾಳೆ ನೋಡಿದ್ದೆವು. ಆದರೆ ಇಬ್ಬರೂ ಒಂದೇ ಪುಸ್ತಕದಿಂದ ಹೊರಟಿದ್ದೆವು. ನಮ್ಮ ಚೀಟಿಗಳು ತಾಳೆಯಾಗದೆ ಇನ್ನೇನಾದಾವು?

ಮೇಷ್ಟ್ರು ಬೀದಿಯ ಕಡೆ ತಿರುಗಿ ಕೂತರು. ಆಮೇಲೆ ಮೆಲ್ಲಗೆ ಹೇಳಿದರು: “ಪರೀಕ್ಷಕರು ಒಪ್ಪಿದ್ದಾರೆ. ಇದು ಯಾರಿಗೂ ಗೊತ್ತಾಗಿಲ್ಲ. ವೈವಾ ಆಗಿಹೋಗಲಿ ಕಣಮ್ಮ, ಡಿಗ್ರಿ ಬರಲಿ. ಆಮೇಲೆ ನಾವೇ ತಿದ್ದುಪಡಿ ಅಂತ ಒಂದು ಪೇಪರ್ ಬರೆಯೋಣ. ನಿನಗೆ ಮೂವತ್ತೆಂಟು. ಇನ್ನೆಷ್ಟು ವರ್ಷ ಅತಿಥಿ ಅನ್ನಿಸಿಕೊಂಡು ಇರ್ತೀಯಾ?”

ನಿಜ ಹೇಳಬೇಕೆಂದರೆ ದಾರಿಯುದ್ದಕ್ಕೂ ನಾನು ಅದೇ ಮಾತಿಗೆ ಹೊಂಚು ಹಾಕಿಕೊಂಡು ಬಂದಿದ್ದೆ. ಅವರು ಹಾಗೆ ಹೇಳಲಿ, ನಾನು ಒಲ್ಲದ ಮನಸ್ಸಿನಿಂದ ಒಪ್ಪಿಕೊಂಡಂತೆ ಮಾಡೋಣ ಎಂದುಕೊಂಡಿದ್ದೆ. ಆದರೆ ಅವರ ಬಾಯಲ್ಲಿ ಅದನ್ನು ಕೇಳಿದಾಗ ಮೈ ಉರಿದುಹೋಯಿತು. ಒಂದು ಮೈನಸ್ಸಿಗಾಗಿ ಒಂದೂವರೆಯ ತನಕ ನನ್ನನ್ನು ಕಾಫಿಯಿಲ್ಲದೆ ಕೂರಿಸಿದ ಮನುಷ್ಯ ಇವರು. ನನ್ನ ಆಸೆಯ ಮೇಲೆ ಬರಬೇಕಾಗಿದ್ದ ಕೋಪವೆಲ್ಲ ಅವರ ಮೇಲೆ ಹೋಯಿತು.

“ಅಪ್ಪ ನೆಟ್ಟ ಆಲದ ಮರ ಅಂತ ನೀವು ಬೇಕಾದರೆ ನೇಣು ಹಾಕ್ಕೊಳ್ಳಿ ಸರ್, ನಾನು ಹಾಕ್ಕೊಳ್ಳಲ್ಲ,” ಎಂದೆ. “ಪುಸ್ತಕಕ್ಕೆ ಹೂ ಇಡೋದ್ರ ಬದಲು ಒಂದು ಸಲ ಚೆಂಡು ಹಾಕಿ ನೋಡಿದ್ರೆ ಆಗ್ತಿತ್ತು.”

ಅವರು ನೋಟುಬುಕ್ಕು ಮುಚ್ಚಿದರು. “ಹೊರಡಮ್ಮ,” ಎಂದರು. ಚೆಂಡು ಹಾಕಿ ನೋಡದೆ ಇದ್ದವಳು ನಾನೂ ಹೌದು ಎಂದು ಗೇಟು ದಾಟಿದ ಮೇಲೆ ನೆನಪಾಯಿತು. ಹಿಂದಿರುಗಿ ಹೋಗಲಿಲ್ಲ.

ಅವ್ವನಿಗೆ ಹೇಳಲೇಬೇಕಾಯಿತು. ಕೈಗೆ ಬಂದ ತುತ್ತು ಬಾಯಿಗೆ ಬರಲಿಲ್ಲ ಎಂದೆ. ಅವಳು ಸೀರೆಯನ್ನು ಮಡಿಸಿ ಪೆಟ್ಟಿಗೆಗೆ ಹಾಕಿದಳು. “ತಪ್ಪಾಗಿ ಹೊಸ್ದಿದ್ನ ಬಿಚ್ಚಿ ಮತ್ತೆ ಹೊಸೀಬೇಕು, ಇನ್ನೇನ್ ಮಾಡಕಾದದು. ಒಣಗಕ್ ಮುಂಚೆ ಗೊತ್ತಾಯ್ತಲ್ಲ ಬುಡು,” ಎಂದಳು. ಸಮಾಧಾನಕ್ಕೆ ಹೇಳಿದ್ದು. ನನಗೆ ಸಮಾಧಾನವೇನೂ ಆಗಲಿಲ್ಲ, ಎಂಟು ವರ್ಷ ಒಣಗಿದ್ದು ಕಣವ್ವ ಎಂದು ರೇಗಿದೆ. ಮೂರು ದಿನ ಮೇಷ್ಟ್ರಿಂದ ಫೋನೂ ಬರಲಿಲ್ಲ, ನಾನೂ ಮಾಡಲಿಲ್ಲ.

ನಾಲ್ಕನೆಯ ದಿನ ಬೆಳಿಗ್ಗೆ ನಮ್ಮ ಬೀದಿಯಲ್ಲಿ ಒಂದು ಆಟೋ ನಿಂತಿತು. ಇಳಿದವರು ಮೇಷ್ಟ್ರು. ಎಂಟು ವರ್ಷದಲ್ಲಿ ಅವರು ನಮ್ಮ ಮನೆಗೆ ಬಂದದ್ದು ಅದೇ ಮೊದಲು. ಅವ್ವ ಗಡಿಬಿಡಿಯಿಂದ ಮಣೆ ಸರಿಸಿ ಕುರ್ಚಿ ಒರೆಸಿದಳು. ಅವರು ಕೂರಲಿಲ್ಲ.

“ಆಮೇಲೆ ಮತ್ತೆ ಲೆಕ್ಕ ಮಾಡಿದೆಯಾ?” ಎಂದು ನನ್ನನ್ನು ಕೇಳಿದರು.

“ಮಾಡಿದೆ ಸರ್. ಮೊದಲಿನಿಂದ. ಜೆರಾಕ್ಸ್ ಮುಟ್ಟಲಿಲ್ಲ.”

“ನಾನೂ ಪುಸ್ತಕ ಬೀರುವಿನಲ್ಲಿಟ್ಟು ಮಾಡಿದೆ. ಕೊನೇ ಸಾಲು ಬರಿ.”

ಬತ್ತಿ ಕಟ್ಟುವ ಕಾಗದದ ಒಂದು ಚೂರಿನಲ್ಲಿ ಬರೆದು ಮಡಿಚಿ ಕೊಟ್ಟೆ. ಅವರು ಅಂಗಿಯ ಜೇಬಿನಿಂದ ತಮ್ಮ ಚೀಟಿ ತೆಗೆದುಕೊಟ್ಟರು. ಬಿಚ್ಚಿದೆವು. ಕಣಿವೆ ಇರಲಿಲ್ಲ. ಎರಡರಲ್ಲೂ ಇರಲಿಲ್ಲ.

ಆಗ ಅವರು ಕೂತರು. ವಿಶ್ವವಿದ್ಯಾಲಯಕ್ಕೆ ಬರೆದ ಪತ್ರವನ್ನು ನನಗೆ ತೋರಿಸಿದರು. ವೈವಾ ನಿಲ್ಲಿಸಬೇಕು, ಪ್ರಬಂಧವನ್ನು ತಿದ್ದಿ ಮತ್ತೆ ಒಪ್ಪಿಸಲು ಅವಕಾಶ ಕೊಡಬೇಕು, ತಪ್ಪು ಮಾರ್ಗದರ್ಶಕನದು ಎಂದು ಅದರಲ್ಲಿತ್ತು. ತಪ್ಪು ಇಬ್ಬರದೂ ಎಂದು ತಿದ್ದಿಸಿದೆ. ಅದಕ್ಕೂ ಸ್ವಲ್ಪ ವಾದವಾಯಿತು.

ಅವ್ವ ಸೆರಗಿನಲ್ಲಿ ಕೈ ಒರೆಸಿಕೊಳ್ಳುತ್ತ ಕೇಳಿದಳು: “ಅಂಗಾರೆ ನಮ್ಮುಡುಗಿ ಡಾಕ್ಟ್ರು ಆಗಕಿಲ್ವಾ ಸ್ವಾಮಿ?”

“ಆಗ್ತಾಳಮ್ಮ. ತಡ ಆಗುತ್ತೆ,” ಎಂದರು ಮೇಷ್ಟ್ರು. ಎರಡೂ ಚೀಟಿ ಮಡಿಸಿ ಜೇಬಿಗೆ ಹಾಕಿಕೊಂಡು, “ಕಾಫಿ ಇದ್ದರೆ ಕೊಡಿ. ತಾಳೆಯಾಗಿದೆ,” ಎಂದರು. ನಾನು ಆವತ್ತಿನ ಮಾತಿಗೆ ಕ್ಷಮೆ ಕೇಳಬೇಕೆಂದು ಬಾಯಿ ತೆರೆದೆ. ಅವರು ಕೈ ಎತ್ತಿ ತಡೆದು, ಚೆಂಡಿನ ಲೆಕ್ಕವನ್ನು ಪ್ರಬಂಧದ ಮೊದಲ ಅಧ್ಯಾಯಕ್ಕೇ ಹಾಕು ಎಂದರು.

ತಡ ಎಂದರೆ ಒಂದೂವರೆ ವರ್ಷ. ಹೊಸ ಪ್ರಬಂಧದ ಸಾರ ಇಷ್ಟು: ಈ ಆಕಾರಕ್ಕೆ ತನ್ನನ್ನು ತಾನು ಹಿಡಿದಿಟ್ಟುಕೊಳ್ಳಲು ಆಗುವುದಿಲ್ಲ; ಆದಿಯಲ್ಲಿ ಬಲಗಳೆಲ್ಲ ಒಂದಾಗಿದ್ದ ಕತೆಯನ್ನು ಇದರ ಮೇಲೆ ಕಟ್ಟಲು ಬರುವುದಿಲ್ಲ. ಹೊಗಳಿದ್ದ ಪರೀಕ್ಷಕರು ಈ ಸಲ ಒಂದೇ ಸಾಲು ಬರೆದರು. ವೈವಾದಲ್ಲಿ ಹೆಚ್ಚು ಪ್ರಶ್ನೆಗಳೂ ಬರಲಿಲ್ಲ. ಅವ್ವ ಹಸಿರು ಸೀರೆ ಉಟ್ಟು ಹಿಂದಿನ ಬೆಂಚಿನಲ್ಲಿ ಕೂತಿದ್ದಳು. ಮುಗಿದ ಮೇಲೆ ಕಾರಿಡಾರಿನಲ್ಲಿ ನನ್ನನ್ನು ಪಕ್ಕಕ್ಕೆ ಕರೆದು, “ಜಿಗಟು ಸಿಕ್ನಿಲ್ಲ ಅಂತ ಹೇಳುದ್ರೂ ಡಾಕ್ಟ್ರು ಮಾಡುದ್ರಾ?” ಎಂದು ಪಿಸುಗುಟ್ಟಿದಳು. ಹೌದು ಎಂದೆ. “ಒಳ್ಳೇ ಜನ ಕಣಮ್ಮ,” ಎಂದಳು.

ಹೊರಡುವಾಗ ಮೇಷ್ಟ್ರು ದಿನಪತ್ರಿಕೆಯಲ್ಲಿ ಸುತ್ತಿದ ಒಂದು ಕಟ್ಟು ಕೊಟ್ಟರು. ಮನೆಗೆ ಹೋಗಿ ಬಿಚ್ಚು ಎಂದರು. ಹಿಡಿದಾಗಲೇ ರಟ್ಟಿನ ದಪ್ಪ ಗೊತ್ತಾಯಿತು.

ಮನೆಯಲ್ಲಿ ಅವ್ವನ ಮಣೆಯ ಮೇಲಿಟ್ಟು ಬಿಚ್ಚಿದೆ. ಗುರುಗಳು ಹೊರದೇಶದಿಂದ ಬಂದು ಮುಂದುವರಿಸಿದ ಪುಟ ನನಗೆ ಬಾಯಿಪಾಠ; ಅದನ್ನೇ ತೆಗೆದೆ. ಪೆನ್ಸಿಲಿನ ಗುರುತನ್ನೂ ಕಾಣದಿದ್ದ ಆ ಪುಸ್ತಕದಲ್ಲಿ, ಆ ಪುಟದ ಮೇಲಂಚಿಗೆ, ಕೆಂಪು ಶಾಯಿಯಿತ್ತು. ವಿದ್ಯಾರ್ಥಿಗಳ ತಪ್ಪಿಗೆ ಸುತ್ತು ಹಾಕಲು ಮೇಷ್ಟ್ರು ಬಳಸುತ್ತಿದ್ದ ಶಾಯಿ, ಅವರದೇ ಅಕ್ಷರ.

ನಾನು ಅಳುತ್ತಿರುವುದನ್ನು ನೋಡಿ ಅವ್ವನಿಗೆ ಗಾಬರಿಯಾಯಿತು. ಅವಳಿಗೆ ಓದು ಬರುವುದಿಲ್ಲ. “ಏನ್ ಬರ್ದವ್ರೆ?” ಎಂದಳು.

ಓದಿದೆ: “ಇಲ್ಲಿಂದ ಮುಂದೆ ಚಿಹ್ನೆ ಬದಲಾಗಿದೆ. ಗುರುಗಳು ಹೇಳಲಿಲ್ಲ. ನಾನು ನೋಡಲಿಲ್ಲ. ನನ್ನ ವಿದ್ಯಾರ್ಥಿನಿ ನೋಡಿದಳು.”

ಅವ್ವ ಹತ್ತಿರ ಬಂದು ಮಣೆಯ ಮುಂದೆ ಕೂತಳು. ಆಮೇಲೆ, “ಕಡೇ ಮಾತು ಇನ್ನೊಂದ್ ಸಲ ಓದು,” ಎಂದಳು.

ಓದಿದೆ.